ಅಪ್ಪನ ಕಾರು, ಚಿಕ್ಕಪ್ಪನ ಕಾರು

ಮೊನ್ನೆ ಹಳೇ ಕಬ್ಬಿಣದವನು ಬಂದಿದ್ದ. ತಳ ಕಿತ್ತುಹೋದ ಬಕೆಟ್ಟು, ಕಾಲು ಮುರಿದ ಮಡಚು ಕುರ್ಚಿ, ಯಾರೂ ಉಪಯೋಗಿಸದ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿಕೊಂಡವನು ಹಿತ್ತಿಲ ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟ. ಆ ಬಾಗಿಲು ಬಡಿದುಕೊಳ್ಳದಂತೆ ನಾನೊಂದು ಕಬ್ಬಿಣದ ಸಲಾಕೆಯನ್ನು ಅಡ್ಡ ಕೊಟ್ಟಿದ್ದೇನೆ. ನಮ್ಮ ಉಡುಮಲೈಪೇಟೆಯ ಗಾಳಿ ನಿಮಗೆ ಗೊತ್ತಿರಲಿಕ್ಕಿಲ್ಲ. ಆಡಿ ತಿಂಗಳು, ಅಂದರೆ ಆಷಾಢ, ಬಂತೆಂದರೆ ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರನೆಯ ಮನೆಯಲ್ಲಿ ಸಿಗುತ್ತದೆ. ಬಾಗಿಲಿಗೆ ಚಿಲಕ ಸಾಲದು, ಇಂಥದ್ದೇನಾದರೂ ಬೇಕು.

ಅವನು ಆ ಸಲಾಕೆಯನ್ನು ಕೈಯಲ್ಲಿ ಎತ್ತಿ ನೋಡಿದ. ಎರಡು ಕಡೆ ಬಾಗಿ, ಒಂದು ತುದಿಯಲ್ಲಿ ಹಿಡಿ, ಇನ್ನೊಂದು ತುದಿಯಲ್ಲಿ ಅಡ್ಡ ಮೊಳೆ ಇರುವ ವಸ್ತು. "ಇದು ಎನ್ನಂಗಮ್ಮಾ?" ಎಂದು ಕೇಳಿದ. ಕಾರಿನ ಹ್ಯಾಂಡಲ್ ಎಂದೆ. ಅವನು ಹಿತ್ತಿಲನ್ನು, ಅಂಗಳವನ್ನು, ಬೀದಿಯನ್ನು ಒಮ್ಮೆ ನೋಡಿ, "ಕಾರು ಎಂಗೇಂಗ?" ಎಂದ. ಕಾರು ಎಲ್ಲಿದೆ ಅಂತ. ಹ್ಯಾಂಡಲ್ ಇದ್ದರೆ ಕಾರೂ ಇರಬೇಕಲ್ಲ, ನ್ಯಾಯವಾದ ಪ್ರಶ್ನೆಯೇ. ಉತ್ತರ ಉದ್ದವಾದ್ದರಿಂದ ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ, ಪುರುಸೊತ್ತಿದ್ದರೆ ಕೇಳಿ.

ಈಗಿನವರಿಗೆ ಮೊದಲು ಹ್ಯಾಂಡಲ್ ಅಂದರೆ ಏನೆಂದು ಹೇಳಬೇಕು. ಹಿಂದಿನ ಕಾರುಗಳ ಮೂತಿಯ ಕೆಳಗೆ ಒಂದು ತೂತು ಇರುತ್ತಿತ್ತು. ಅದರೊಳಗೆ ಈ ಸಲಾಕೆಯನ್ನು ತೂರಿಸಿ, ಪಂಚೆ ಎತ್ತಿ ಕಟ್ಟಿ, ಕುಲದೇವತೆಯನ್ನು ನೆನೆದು ತಿರುಗಿಸಬೇಕು. ಕಾರಿಗೆ ಮನಸ್ಸಿದ್ದರೆ ಎಂಜಿನ್ ಕೆಮ್ಮಿ ಎದ್ದೇಳುತ್ತದೆ. ಮನಸ್ಸಿಲ್ಲದಿದ್ದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ನಮ್ಮಪ್ಪನ ಬಲಗೈ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು. ಮಗ್ಗದ ಕೆಲಸದಿಂದ ಹಾಗಾಗಿದೆ ಎಂದು ಊರೆಲ್ಲ ತಿಳಿದಿದ್ದರು. ಅಪ್ಪನೂ ಹಾಗೆಯೇ ತಿಳಿದಿರಲಿ ಎಂದು ಬಿಟ್ಟಿದ್ದರು.

ನಮ್ಮದು ಪೆರಿಯನಾಯಕನಪಾಳ್ಯಂನಲ್ಲಿದ್ದ ನೇಕಾರರ ಮನೆ. ಮೆಟ್ಟುಪಾಳ್ಯಂ ರಸ್ತೆಯುದ್ದಕ್ಕೂ ಗಿರಣಿಗಳ ಸಂಗು, ಅಂದರೆ ಸೈರನ್ನು, ಕೂಗುತ್ತಿದ್ದರೂ ನಮ್ಮ ಬೀದಿಯಲ್ಲಿ ಮಾತ್ರ ಕೈಮಗ್ಗದ ಸದ್ದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪನಿಗೆ ಕನ್ನಡದ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ನನಗೂ ಬರುತ್ತಿರಲಿಲ್ಲ. ಮದುವೆಯಾದ ಮೇಲೆ, ಮೈಸೂರಿನ ಕಡೆ ಓದಿ ಬಂದಿದ್ದ ನಮ್ಮ ಮಾವನವರು ಪಟ್ಟಾಗಿ ಕೂರಿಸಿಕೊಂಡು ಕಲಿಸಿದರು. ಅದರ ಫಲವನ್ನು ನೀವೀಗ ಅನುಭವಿಸುತ್ತಿದ್ದೀರಿ.

ಕಾರು ತಾತನ ಕಾಲದ್ದು. ಗಿರಣಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದದ್ದನ್ನು ತಾತ ಕೊಂಡಿದ್ದರಂತೆ. ಅದರ ಮೂತಿಯ ಮೇಲಿದ್ದ ಹೆಸರಿನ ಬಿಲ್ಲೆ ನಾನು ಹುಟ್ಟುವ ಮೊದಲೇ ಎಲ್ಲೋ ಬಿದ್ದುಹೋಗಿತ್ತು. ಹಾಗಾಗಿ ಅದು ಯಾವ ಕಂಪನಿಯ ಕಾರೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಒಂದಾನೊಂದು ಕಾಲದಲ್ಲಿ ಕಪ್ಪು ಬಣ್ಣವಿದ್ದದ್ದು ಬಿಸಿಲಿಗೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಬಾಗಿಲುಗಳು ಹಿಂದುಮುಂದಾಗಿ ತೆರೆಯುತ್ತಿದ್ದವು. ಎಡಕ್ಕೋ ಬಲಕ್ಕೋ ತಿರುಗುವಾಗ ಪಕ್ಕದ ಕಂಬದೊಳಗಿಂದ ಒಂದು ಪುಟ್ಟ ಕೈ ಹೊರಗೆ ಬಂದು ದಾರಿ ತೋರಿಸಬೇಕು. ಬಲಗಡೆಯ ಕೈ ಸರಿಯಾಗಿ ಬರುತ್ತಿತ್ತು. ಎಡಗಡೆಯದು ಅಪ್ಪ ಒಳಗಿನಿಂದ ಮುಷ್ಟಿಯಲ್ಲಿ ಗುದ್ದಿದರೆ ಮಾತ್ರ ಬರುತ್ತಿತ್ತು, ಬಂದರೆ ಒಳಗೆ ಹೋಗುತ್ತಿರಲಿಲ್ಲ. ಕೊಯಮತ್ತೂರಿನ ಪೇಟೆಯಲ್ಲಿ ನಾವು ಗಂಟೆಗಟ್ಟಲೆ ಎಡಕ್ಕೆ ತಿರುಗುತ್ತೇವೆಂದು ಎಲ್ಲರಿಗೂ ಹೇಳಿಕೊಂಡು ನೆಟ್ಟಗೆ ಹೋಗುತ್ತಿದ್ದೆವು.

ಚಿಕ್ಕಪ್ಪನ ಕಾರಿನ ಹೆಸರು ನಾನು ಹೇಳಬೇಕಾಗಿಲ್ಲ. ಎಂಬತ್ತರ ದಶಕದ ನಡುವೆ ದೇಶಕ್ಕೆಲ್ಲ ಹೊಸದಾಗಿ ಬಂದು, ಕಾಯುವವರ ಸಾಲನ್ನು ಮೈಲುದ್ದ ಬೆಳೆಸಿದ ಪುಟ್ಟ ಬಿಳಿ ಕಾರು. ಚಿಕ್ಕಪ್ಪ ಮಗ್ಗ ಬಿಟ್ಟು ತಿರುಪ್ಪೂರಿಗೆ ಹೋಗಿ ಬನಿಯನ್ ಕಂಪನಿ ಮಾಡಿಕೊಂಡಿದ್ದರು. ಅವರು ಮಗ್ಗ ಬಿಟ್ಟ ದಿನದಿಂದ ಅಣ್ಣ ತಮ್ಮಂದಿರ ನಡುವೆ ಮಾತು ಕಡಿಮೆಯಾಗಿತ್ತು. ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು, ಒಂದು ದಿನ ಮುಗಿಯುತ್ತಿತ್ತು. ಮಗ್ಗದ ಬಗ್ಗೆ ಆಡಬೇಕಾದ ಮಾತನ್ನೆಲ್ಲ ಇಬ್ಬರೂ ಕಾರಿನ ಬಗ್ಗೆ ಆಡುತ್ತಿದ್ದರು.

"ಏನಪ್ಪಾ, ನಿನ್ ವಂಡಿ ಬಂತೋ? ಸದ್ದೇ ಕೇಳ್ಲಿಲ್ವೇ" ಎನ್ನುತ್ತಿದ್ದರು ಅಪ್ಪ. ಅವರ ಪ್ರಕಾರ ಸದ್ದಿಲ್ಲದೆ ಬರುವುದು ಕಳ್ಳರ ಲಕ್ಷಣ.

"ನಿಮ್ ವಂಡಿ ಸದ್ದು ನಂಗೆ ತಿರುಪ್ಪೂರಲ್ಲೇ ಕೇಳ್ತು ಅಣ್ಣಾ" ಎನ್ನುತ್ತಿದ್ದರು ಚಿಕ್ಕಪ್ಪ.

ಎರಡೂ ಕಾರಿನಲ್ಲಿ ಕೂತವಳಾಗಿ ನಾನು ನಿಷ್ಪಕ್ಷಪಾತವಾಗಿ ಹೇಳಬಲ್ಲೆ. ಹೊಸ ಕಾರು ಕೀಲಿ ತಿರುಗಿಸಿದರೆ ಸಾಕು, ಹೊರಡುತ್ತಿತ್ತು. ಹಳೆಯದಕ್ಕೆ ಹ್ಯಾಂಡಲ್, ಕೆಲವು ದಿನ ಹ್ಯಾಂಡಲಿನ ಜೊತೆಗೆ ಬೀದಿಯ ನೇಕಾರರ ಭುಜಬಲ. ಹೊಸದು ಏರಿನಲ್ಲಿ ಇನ್ನೊಂದಿಷ್ಟು ಉಮೇದಿನಿಂದ ಹೋಗುತ್ತಿತ್ತು. ಹಳೆಯದು ಏರು ಕಂಡರೆ ನಿಟ್ಟುಸಿರು ಬಿಡುತ್ತಿತ್ತು, ಅರ್ಧ ಏರುವಷ್ಟರಲ್ಲಿ ಮೂತಿಯಿಂದ ಹಬೆ. ಅದಕ್ಕೆಂದೇ ಹಿಂದಿನ ಡಿಕ್ಕಿಯಲ್ಲಿ ಒಂದು ಹಿತ್ತಾಳೆ ಕೊಡ ನೀರು ಯಾವಾಗಲೂ ಇರುತ್ತಿತ್ತು. ಹಾಗೆಂದು ಹಳೆಯದಕ್ಕೆ ಗುಣವಿಲ್ಲವೆಂದಲ್ಲ. ಅದರ ಸೀಟಿನಲ್ಲಿ ನಾಲ್ಕು ಜನ ದೊಡ್ಡವರು, ಎರಡು ನೂಲಿನ ಮೂಟೆ, ಒಂದು ಮೇಕೆ ಸುಖವಾಗಿ ಹೋಗಬಹುದಿತ್ತು, ನಾವು ಹೋಗಿದ್ದೇವೆ. ಹೊಸದರಲ್ಲಿ ನಮ್ಮ ಅವ್ವ ಕೂತರೆ ಪಕ್ಕದಲ್ಲಿ ಅವಳ ಕೈಚೀಲಕ್ಕೆ ಮಾತ್ರ ಜಾಗ. ಅಲ್ಲದೆ ಹೊಸ ಕಾರಿಗೆ ಮಡಿ ಜಾಸ್ತಿ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಚಿಕ್ಕಪ್ಪ ತೆಗೆದಿರಲಿಲ್ಲ, ಬೇಸಿಗೆಯಲ್ಲಿ ಇಳಿಯುವಾಗ ಸೀರೆ ಸೀಟಿಗೆ ಅಂಟಿಕೊಂಡು ಬರುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಹತ್ತಬೇಕು. ಬಿಟ್ಟ ಚಪ್ಪಲಿಯನ್ನು ಎತ್ತಿ ಒಳಗಿಟ್ಟುಕೊಳ್ಳುವುದು ಎಷ್ಟೋ ಸಲ ಮರೆತುಹೋಗುತ್ತಿತ್ತು. ಚಿಕ್ಕಪ್ಪನ ಜೊತೆ ಹೋದ ನಮ್ಮ ನೆಂಟರೆಲ್ಲ ಬರಿಗಾಲಲ್ಲಿ ಇಳಿಯುತ್ತಿದ್ದರು.

ಇನ್ನು ವಿಷಯಕ್ಕೆ ಬರುತ್ತೇನೆ. ನನಗೆ ಉಡುಮಲೈಪೇಟೆಯ ಗಂಡು ಗೊತ್ತಾಯಿತು. ನಮ್ಮವರಲ್ಲಿ ಮದುವೆ ಗಂಡಿನ ಊರಲ್ಲಿ. ಹೆಣ್ಣನ್ನು ಅವಳ ತಂದೆ ತನ್ನ ಸ್ವಂತ ವಂಡಿಯಲ್ಲಿ ಕೂರಿಸಿಕೊಂಡು ಹೋಗಿ ಗಂಡಿನ ಮನೆಯ ಮುಂದೆ ಇಳಿಸಬೇಕು. ಎತ್ತಿನ ಗಾಡಿಯ ಕಾಲದಿಂದ ಬಂದ ಪದ್ಧತಿ. ಅಪ್ಪನಿಗೆ ನನ್ನ ಮದುವೆಯಲ್ಲಿ ಬೇರೆ ಯಾವ ವೈಭವದ ಆಸೆಯೂ ಇರಲಿಲ್ಲ. ನಾನು ಉಡುವ ಸೀರೆಯನ್ನು ತಾವೇ ನೇಯಬೇಕು, ತಮ್ಮ ಕಾರಿನಲ್ಲಿ ನನ್ನನ್ನು ಇಳಿಸಬೇಕು, ಇಷ್ಟೇ. ಸೀರೆ ಮಗ್ಗದ ಮೇಲಿತ್ತು. ಕಾರಿನ ವಿಷಯಕ್ಕೆ ಚಿಕ್ಕಪ್ಪ ಬಾಯಿ ಹಾಕಿದರು.

"ಅಣ್ಣಾ, ಮುಹೂರ್ತ ಬೆಳಗ್ಗೆ ಇದೆ. ನಿಮ್ ವಂಡಿ ದಾರೀಲಿ ನಿಂತ್ರೆ ಏನ್ ಮಾಡೋದು? ಅಮ್ಮಣಿ ನನ್ ಕಾರಲ್ಲಿ ಬರ್ಲಿ. ನಂದೂ ನಿಮ್ದೇ ಅಲ್ವಾ?"

ನಮ್ಮ ಕಡೆ ಹೆಣ್ಣುಮಕ್ಕಳನ್ನು ಅಮ್ಮಣಿ ಎನ್ನುತ್ತಾರೆ. ಆ ಅಮ್ಮಣಿ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಚಿಕ್ಕಪ್ಪನ ಮಾತು ಗೆಲ್ಲಲಿ ಎಂದು ಕುಲದೇವತೆಗೆ ಹರಕೆ ಹೊರುತ್ತಿದ್ದಳು. ಸುಳ್ಳೇಕೆ ಹೇಳಲಿ, ನನಗೆ ಹೊಸ ಕಾರೇ ಬೇಕಿತ್ತು. ಮದುಮಗಳು ಮಲ್ಲಿಗೆಯ ವಾಸನೆಯಲ್ಲಿ ಇಳಿಯಬೇಕೋ, ಪೆಟ್ರೋಲಿನ ವಾಸನೆಯಲ್ಲಿ ಇಳಿಯಬೇಕೋ ನೀವೇ ಹೇಳಿ. ಗಂಡಿನ ಮನೆಯವರೆಲ್ಲ ಆರತಿ ತಟ್ಟೆ ಹಿಡಿದು ನಿಂತಿರುವಾಗ ನಾವು ಎಡಕ್ಕೆ ಕೈ ಚಾಚಿಕೊಂಡು, ಹಬೆ ಬಿಡುತ್ತಾ ಹೋಗಿ ನಿಲ್ಲುವುದನ್ನು ನೆನೆದರೇ ಮುಖ ಮುಚ್ಚಿಕೊಳ್ಳುವಂತಾಗುತ್ತಿತ್ತು.

ಅಪ್ಪ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟರು. ಆಮೇಲೆ, "ನಂದು ನಿಲ್ತದೆ ಅಂತ ಯಾರು ಹೇಳ್ದೋರು? ಓಡ್ಸಿ ನೋಡಾಣ. ನಿಂದೂ ಬರ್ಲಿ, ನಂದೂ ಬರ್ಲಿ. ಯಾವುದು ಮುಂಚೆ ಹೋಗ್ತದೋ ಅದ್ರಲ್ಲಿ ಮಗಳು ಹೋಗ್ಲಿ. ನಂದು ಸೋತ್ರೆ ಉಕ್ಕಡದಲ್ಲಿ ಹಳೇ ಇರುಂಬಿಗೆ ಹಾಕ್‌ಬುಡ್ತೀನಿ" ಎಂದರು.

ಉಕ್ಕಡವೆಂದರೆ ಕೊಯಮತ್ತೂರಿನ ಗುಜರಿ ಪೇಟೆ. ತಾತನ ಕಾರನ್ನು ಅಲ್ಲಿಗೆ ಹಾಕುವ ಮಾತು ಅಪ್ಪನ ಬಾಯಿಂದ ಬಂದದ್ದು ಕೇಳಿ ಅವ್ವ ಒಲೆಯ ಮೇಲಿನ ಹಾಲನ್ನು ಉಕ್ಕಲು ಬಿಟ್ಟಳು. ಚಿಕ್ಕಪ್ಪನ ಮುಖವೂ ಸಪ್ಪಗಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮನೆಯ ಗಂಡಸರಿಗಿಲ್ಲ.

ಗೊತ್ತಾದ ಹೆಣ್ಣು ಮದುವೆಗೆ ಮೊದಲು ಗಂಡಿನ ಊರಿಗೆ ಕಾಲಿಡಬಾರದು. ಆದ್ದರಿಂದ ಉಡುಮಲೈಗೆ ಇನ್ನೇನು ಬಂತು ಎನ್ನುವಲ್ಲಿರುವ ಕಾಲುವೆ ಸೇತುವೆಯೇ ಗುರಿ ಎಂದಾಯಿತು. ಪರೀಕ್ಷೆ ನ್ಯಾಯವಾಗಿರಬೇಕೆಂದು ನಾನು ಅಪ್ಪನ ಕಾರಿನಲ್ಲಿ, ಸಾಕ್ಷಿಗೆಂದು ಅವ್ವ ಚಿಕ್ಕಪ್ಪನ ಕಾರಿನಲ್ಲಿ. ಅವ್ವ ಯಾವ ಒತ್ತಾಯಕ್ಕೂ ಕಾಯದೆ ಚಪ್ಪಲಿ ಬಿಟ್ಟು ಹತ್ತಿ ಕೂತ ಚುರುಕನ್ನು ಅಪ್ಪ ನೋಡಿಯೂ ನೋಡದಂತಿದ್ದರು.

ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಹೊರಟೆವು ಎಂದರೆ ಅವರು ಹೊರಟರು. ಅಪ್ಪ ಹ್ಯಾಂಡಲ್ ತಿರುಗಿಸುತ್ತಿದ್ದರು. ಪಕ್ಕದ ಮನೆಯವರು ಮಗ್ಗದಿಂದ ಎದ್ದು ಬಂದು ಒಂದು ಕೈ ಕೊಟ್ಟ ಮೇಲೆ ನಮ್ಮದೂ ಎದ್ದಿತು. ಅಷ್ಟರಲ್ಲಿ ಬಿಳಿ ಕಾರು ಗಿರಣಿಯ ತಿರುವು ದಾಟಿ ಕಾಣೆಯಾಗಿತ್ತು. ಅವ್ವನ ಚಪ್ಪಲಿ ಮಾತ್ರ ನಮ್ಮ ಮನೆಯ ಮುಂದೆ, ಬೀದಿಯ ನಡುವೆ, ಜೋಡಿಯಾಗಿ ಇತ್ತು.

ಅಪ್ಪನಿಗೆ ಆತುರವಿರಲಿಲ್ಲ. ಕೊಯಮತ್ತೂರು ದಾಟಿದೆವು. ಆಮೇಲೆ ಪೊಳ್ಳಾಚಿ ರಸ್ತೆಯ ಹುಣಿಸೆಮರಗಳ ನೆರಳು ಶುರುವಾದಾಗ ಮಾತು ಶುರುವಾಯಿತು. ನನ್ನ ಜೊತೆಗಲ್ಲ, ಕಾರಿನ ಜೊತೆ. "ಪರವಾಯಿಲ್ಲ, ನಿಧಾನಕ್ಕೆ ಬಾ. ಇನ್ನೊಂದ್ ಚೂರು ಏರು, ಆಯ್ತು" ಎಂದು ತಮಗೇ ಕೇಳುವಷ್ಟು ಮೆಲ್ಲಗೆ ಹೇಳುತ್ತಿದ್ದರು. ಕಿಣತ್ತುಕಡವಿನ ಏರಿನಲ್ಲಿ ಹಬೆ ಬಂತು. ಇಳಿದು ಕೊಡದ ನೀರು ಹುಯ್ದೆವು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ನನಗೆ ಆಗ ಮೊದಲ ಸಲ ಸಂಕಟವಾಯಿತು. ಈ ಕಾರು ಸೋಲಲಿ ಎಂದು ನಾನು ಹರಕೆ ಹೊತ್ತಿದ್ದೆನಲ್ಲ, ಕುಲದೇವತೆ ಅದನ್ನು ಇಷ್ಟು ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಾಳೆಂದು ಗೊತ್ತಿರಲಿಲ್ಲ.

"ಅಪ್ಪಾ, ವಾಪಸ್ ಹೋಗಾಣ್ವಾ? ಸೋತ್ವಿ ಅಂತ ಯಾಕೆ ಒಪ್ಕೋಬೇಕು, ಹುಷಾರಿಲ್ಲ ಅಂತ ಹೇಳಾಣ" ಎಂದೆ.

"ಯಾರಿಗೆ ಹುಷಾರಿಲ್ಲ?"

"ನಂಗೆ."

ಅಪ್ಪ ನಕ್ಕರು. "ಸುಮ್ನೆ ಕೂತ್ಕೋ ಅಮ್ಮಣಿ. ಇವತ್ತು ಬೇಸ್ತವಾರ. ಪೊಳ್ಳಾಚಿ ಸಂತೆ. ದಾರಿ ಪೂರಾ ದನ ಇರ್ತವೆ. ನಿಮ್ಮ ಚಿಕ್ಕಪ್ಪ ಅದ್ರೊಳಗೆ ಸಿಕ್ಕಾಕ್ಕೊಂಡಿರ್ತಾನೆ. ನಾವು ನೆಗಮಂ ಮೇಲೆ ಹೋಗಾಣ. ಅಡ್ಡದಾರಿ ಅವ್ನಿಗೆಲ್ಲಿ ನೆನಪಿರ್ತದೆ" ಎಂದವರೇ ಎಡಗಡೆಯ ಕಂಬಕ್ಕೆ ಒಂದು ಗುದ್ದು ಕೊಟ್ಟು ಎಡಕ್ಕೆ ತಿರುಗಿಸಿದರು.

ನೆಗಮಂ ನಮ್ಮವರ ಊರು. ಅಲ್ಲಿನ ಹತ್ತಿ ಸೀರೆ ಕೇಳಿ ಬರುವವರು ಈಗಲೂ ಇದ್ದಾರೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಚಿಕ್ಕವರಿದ್ದಾಗ ಅಲ್ಲಿಯ ನೆಂಟರ ಮನೆಯಲ್ಲಿದ್ದುಕೊಂಡು ಕೆಲಸ ಕಲಿತವರು. ಅಪ್ಪ ಹೇಳಿದ ಅಡ್ಡದಾರಿ ಎಂದರೆ ಆ ನೇಕಾರರ ಬೀದಿಯೇ. ಬೀದಿಯ ಈ ತುದಿಯಲ್ಲಿ ಹೊಕ್ಕು ಆ ತುದಿಯಲ್ಲಿ ಹೊರಬಿದ್ದರೆ ನೇರ ಉಡುಮಲೈ ದಾರಿ.

ಇಲ್ಲಿ ನೀವು ನಗಬಹುದು. ನೇಕಾರರ ಬೀದಿಯಲ್ಲಿ ಬೆಳಗಿನ ಹೊತ್ತು ಏನು ನಡೆಯುತ್ತದೆ ಎಂಬುದು ನೇಕಾರರಿಗೆ ಗೊತ್ತಿಲ್ಲದೆ ಬೇರೆ ಯಾರಿಗೆ ಗೊತ್ತಿರಬೇಕು? ಬೆಳಗಾದರೆ ಪಾವು ಹಾಸುತ್ತಾರೆ. ಸೀರೆಯ ಉದ್ದದ ಎಳೆಗಳನ್ನು ನಾವು ಪಾವು ಎನ್ನುತ್ತೇವೆ. ಸಾವಿರಾರು ಎಳೆಗಳನ್ನು ಬೀದಿಯ ಉದ್ದಕ್ಕೂ, ಸೊಂಟದ ಎತ್ತರಕ್ಕೆ, ಬಿದಿರಿನ ಕತ್ತರಿಕಾಲುಗಳ ಮೇಲೆ ಎಳೆದು ಕಟ್ಟಿ, ಅನ್ನದ ಗಂಜಿ ಸವರಿ, ಎರಡೂ ಕಡೆ ನಿಂತು ನಾರಿನ ಕುಂಚದಿಂದ ತೀಡುತ್ತಾರೆ. ಬಿಸಿಲೇರಿ ಗಂಜಿ ಒಣಗುವುದರೊಳಗೆ ತೀಡಿ ಮುಗಿಸಬೇಕು, ಇಲ್ಲವಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಪಾವು ಹಾಳು. ಅಷ್ಟು ಹೊತ್ತು ಆ ಬೀದಿಯಲ್ಲಿ ಯಾವ ವಾಹನವೂ ಹೋಗುವಂತಿಲ್ಲ. ಇದನ್ನು ಹುಟ್ಟಿದಾಗಿನಿಂದ ನೋಡಿದ ಅಪ್ಪ, ಬೆಳಗಿನ ಹೊತ್ತು, ನೇಕಾರರ ಬೀದಿಯನ್ನು ಅಡ್ಡದಾರಿ ಎಂದು ಆರಿಸಿಕೊಂಡಿದ್ದರು. ಕಾರಿನ ಹುಚ್ಚು ಅಷ್ಟು ಏರಿತ್ತು.

ನಮ್ಮ ಕಾರು ಬೀದಿಗೆ ತಿರುಗಿತು. ಎದುರಿಗೆ ಬಿಳಿಯ ಪಾವು, ಈ ತುದಿಯಿಂದ ಆ ತುದಿಯ ತನಕ. ಪಾವಿನ ಮುಂದೆ ಬಿಳಿಯ ಕಾರು, ಬಾಗಿಲು ತೆರೆದುಕೊಂಡು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ.

ಅಡ್ಡದಾರಿ ಚಿಕ್ಕಪ್ಪನಿಗೂ ನೆನಪಿತ್ತು. ಬೆಳಗಿನ ಹೊತ್ತಿನ ಪಾವು ಅವರಿಗೂ ಮರೆತಿತ್ತು.

ಅಪ್ಪ ಎಂಜಿನ್ ನಿಲ್ಲಿಸಿದರು. ಇಬ್ಬರೂ ಇಳಿದೆವು. ಪಾವಿನ ನಡುಭಾಗದಲ್ಲಿ ಹತ್ತಾರು ಜನರ ಜೊತೆಗೆ ಚಿಕ್ಕಪ್ಪ ಬಗ್ಗಿ ನಿಂತಿದ್ದರು. ಗರಿಗರಿ ಬಿಳಿ ಅಂಗಿಯ ತೋಳು ಮೇಲೆ ಮಡಚಿದೆ, ಚಿನ್ನದ ಬಣ್ಣದ ಗಡಿಯಾರ ಅವ್ವನ ಕೈಯಲ್ಲಿದೆ. ಎಳೆ ಜಾರದಿರಲೆಂದು ಬೂದಿ ಮುಟ್ಟಿದ ಬೆರಳಿನಿಂದ ಕಡಿದುಹೋದ ಎಳೆಗಳನ್ನು ಒಂದೊಂದಾಗಿ ಹುಡುಕಿ, ಹೊಸೆದು, ಕೂಡಿಸುತ್ತಿದ್ದರು. ಅಂಗಿಯ ಮುಂಭಾಗವೆಲ್ಲ ಗಂಜಿ. ಅವ್ವ ಬರಿಗಾಲಲ್ಲಿ ನಿಂತಿದ್ದಳು. ಪಾವಿನ ಹತ್ತಿರ ಚಪ್ಪಲಿ ಮೆಟ್ಟಬಾರದು, ಅಷ್ಟರಮಟ್ಟಿಗೆ ಆ ಹೊಸ ಕಾರಿನ ಮಡಿ ಒಳ್ಳೆಯದನ್ನೇ ಮಾಡಿತ್ತು.

ಆ ಪಾವಿನ ಮನೆಯ ಅಜ್ಜಿ ನಮ್ಮನ್ನು ಕಂಡು, "ಬನ್ನಿ ಬನ್ನಿ, ನೀವೂ ವಂಡೀಲಿ ಬಂದ್ರಾ? ಗಾಳಿ ಬಂದುಬುಡ್ತು, ಎಳೆ ಎಲ್ಲಾ ಕಡೀತಾ ಇದೆ. ಆಳು ಸಾಲ್ದು" ಎಂದಳು. ನಮ್ಮವರಲ್ಲಿ ಒಂದು ವಾಡಿಕೆಯಿದೆ. ಪಾವು ಹಾಸಿದ ಬೀದಿಗೆ ಬಂದ ನೇಕಾರ ಒಂದು ಎಳೆಯನ್ನಾದರೂ ಕೂಡಿಸದೆ ಹೋಗಬಾರದು. ಕಾರನ್ನು ಹಿಂದಕ್ಕೆ ತಿರುಗಿಸಿ ಬೇರೆ ದಾರಿ ಹಿಡಿಯಲು ಚಿಕ್ಕಪ್ಪನಿಗೆ ಬೇಕಾದಷ್ಟು ಹೊತ್ತಿತ್ತು. ಹಾಗೆ ಮಾಡಿದ್ದರೆ ಅವರು ಅಷ್ಟರಲ್ಲಿ ಕಾಲುವೆ ಸೇತುವೆಯ ಮೇಲೆ ಕೂತು ಎಳನೀರು ಕುಡಿಯುತ್ತಿರಬಹುದಿತ್ತು.

ಅಪ್ಪ ಚಪ್ಪಲಿ ಬಿಟ್ಟರು. ಅಂಗಿ ತೆಗೆದು ನನ್ನ ಕೈಗೆ ಕೊಟ್ಟರು. ಪಾವಿನ ಆಚೆ ಬದಿಗೆ ಹೋಗಿ ತಮ್ಮನ ಎದುರು ನಿಂತರು. ಇಬ್ಬರ ನಡುವೆ ಎಳೆಗಳ ಬಿಳಿ ಹಾಸು. ಈಚೆಯಿಂದ ಒಂದು ತುದಿ, ಆಚೆಯಿಂದ ಒಂದು ತುದಿ. ಒಬ್ಬರು ಎತ್ತಿ ಕೊಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಿದ್ದರು. ನಾನೂ ಅವ್ವನೂ ಕುಂಚ ಹಿಡಿದೆವು.

ಬಿಸಿಲು ಮಾಳಿಗೆ ಮುಟ್ಟುವ ಹೊತ್ತಿಗೆ ಅಪ್ಪ ತಲೆಯೆತ್ತದೆ ಹೇಳಿದರು, "ಕೈ ಇನ್ನೂ ಮರ್ತಿಲ್ಲ ನೀನು."

ಚಿಕ್ಕಪ್ಪ ಕೂಡ ತಲೆಯೆತ್ತಲಿಲ್ಲ. "ನಾ ಬನಿಯನ್ ಕಂಪನಿ ಮಾಡಿದ್ದು ಕೈಗೇನ್ ಗೊತ್ತು ಅಣ್ಣಾ."

ನಾನು ಎದುರಿಗೇ ಇದ್ದೆ. ಅಪ್ಪನ ಕಣ್ಣು ತುಂಬಿತ್ತು, ಒರೆಸಿಕೊಳ್ಳೋಣವೆಂದರೆ ಕೈತುಂಬ ಗಂಜಿ. ಭುಜದಿಂದ ಒರೆಸಿಕೊಂಡರು.

ಪಾವು ಒಣಗಿ, ಸುತ್ತಿ ಎತ್ತಿದ ಮೇಲೆ ಅಜ್ಜಿ ಜಗಲಿಯ ಮೇಲೆ ಎಲ್ಲರಿಗೂ ಸಜ್ಜೆಯ ಅಂಬಲಿ ಕೊಟ್ಟಳು. ಎಲ್ಲಿಗೆ ಹೊರಟಿದ್ದು, ಇಷ್ಟು ಜನಕ್ಕೆ ಎರಡು ಕಾರು ಯಾಕೆ ಎಂದು ಕೇಳಿದಳು. ಗಂಡಸರಿಬ್ಬರೂ ಅಂಬಲಿಯ ಲೋಟದೊಳಗೆ ನೋಡುತ್ತಾ ಕೂತರು. ಅವ್ವ ಎಲ್ಲವನ್ನೂ ಹೇಳಿದಳು. ಅಜ್ಜಿ ನಗಲಿಲ್ಲ. "ಅದ್ಸರಿ, ಈಗ ಯಾವ್ದು ಗೆದ್ದಂಗೆ?" ಎಂದಳು.

"ನಿಮ್ದ್ರಲ್ಲೇ ಹೋಗ್ಲಿ ಅಣ್ಣಾ. ನಾ ಸುಮ್ನೆ ಏನೋ ಹೇಳ್‌ಬುಟ್ಟೆ. ಮಗಳು ಅಪ್ಪನ ವಂಡೀಲಿ ಹೋಗೋದೇ ಮುರೈ, ಅದೇ ಪದ್ಧತಿ" ಎಂದರು ಚಿಕ್ಕಪ್ಪ.

ನಾನೂ ಅದನ್ನೇ ಹೇಳಲು ಬಾಯಿ ತೆರೆದೆ. ನನಗೆ ಆಗ ನಿಜವಾಗಿಯೂ ಹಳೆಯ ಕಾರೇ ಬೇಕಾಗಿತ್ತು, ಹಬೆ, ಪೆಟ್ರೋಲಿನ ವಾಸನೆ, ಚಾಚಿದ ಕೈ ಎಲ್ಲ ಸೇರಿಸಿ. ಆದರೆ ಅಪ್ಪ ತಲೆಯಾಡಿಸಿದರು.

"ಬೇಡ. ನಿಂದ್ರಲ್ಲೇ ಹೋಗ್ಲಿ. ಕಿಣತ್ತುಕಡವಿಂದ ಇಲ್ಲೀವರ್ಗೂ ಅದೇ ಯೋಚ್ನೆ ಮಾಡ್ಕೊಂಡು ಬಂದೆ. ನಾ ಮುಂದೆ ಕೂತು ಓಡ್ಸಿದ್ರೆ ಇವ್ಳು ನನ್ ಬೆನ್ ಹಿಂದೆ ಇರ್ತಾಳೆ. ಒಂದ್ ಸಲ ತಿರುಗಿ ನೋಡೋಕೂ ಆಗಲ್ಲ. ನಿನ್ ವಂಡೀಲಿ ಹಿಂದ್ಗಡೆ ದೊಡ್ಡ ಕಣ್ಣಾಡಿ ಗಾಜು ಇದೆ. ನಾ ಹಿಂದೆ ಬಂದ್ರೆ ದಾರಿ ಪೂರಾ ಕಾಣ್ತಿರ್ತಾಳೆ."

ಅಜ್ಜಿ ನನ್ನ ಲೋಟಕ್ಕೆ ಇನ್ನಷ್ಟು ಅಂಬಲಿ ಹುಯ್ದಳು. ಅಂಬಲಿ ನನಗೆ ಸೇರುವುದಿಲ್ಲ. ಅವತ್ತು ಮಾತ್ರ ಪೂರಾ ಕುಡಿದೆ.

ಮದುವೆಯ ದಿನ ಹಾಗೆಯೇ ಹೋದೆವು. ನಾನು ಅಪ್ಪ ನೇಯ್ದ ಸೀರೆ ಉಟ್ಟು ಬಿಳಿ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ. ಹಿಂದಿನ ಗಾಜಿನಲ್ಲಿ ಬದನೆಕಾಯಿ ಬಣ್ಣದ ಕಾರು. ಗಾಳಿಗಿಂತ ಮುಂದೆ ಹೋಗುವ ಚಿಕ್ಕಪ್ಪ ಅಂದು ಎತ್ತಿನ ಗಾಡಿಗಳಿಗೂ ದಾರಿ ಬಿಡುತ್ತಿದ್ದರು. ಅಪ್ಪ ನೀರು ಹುಯ್ಯಲು ನಿಂತಾಗ ನಾವೂ ನಿಂತೆವು. ಎರಡು ಕಾರುಗಳ ವೇಗವನ್ನು ಹೋಲಿಸಿ ಹೇಳಿ ಎಂದು ನನ್ನನ್ನು ಯಾರಾದರೂ ಕೇಳಿದರೆ ಆ ದಿನದ ಲೆಕ್ಕವನ್ನೇ ಹೇಳುತ್ತೇನೆ. ಎರಡೂ ಒಟ್ಟಿಗೇ ಹೋಗಿ ನಿಂತವು. ನಮ್ಮ ಅತ್ತೆ ಆರತಿ ಹಿಡಿದು ಬಂದಾಗ ಹಿಂದಿನ ಕಾರು ಎಡಗೈ ಚಾಚಿಕೊಂಡೇ ಇತ್ತು.

ಆ ಸಂಜೆ ಅಪ್ಪ ಹೊರಟಾಗ ಒಂದು ಸಂಗತಿ ನಡೆಯಿತು. ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಿದವರು, ನನ್ನನ್ನು ಮಾತಾಡಿಸಲು ಜಗಲಿಗೆ ಬಂದರು. ಕೈಯಲ್ಲಿದ್ದ ಹ್ಯಾಂಡಲನ್ನು ಜಗಲಿಯ ಮೇಲಿಟ್ಟು ನನ್ನ ತಲೆ ಮುಟ್ಟಿ, ಸರಸರ ಹೋಗಿ ಕಾರು ಹತ್ತಿದರು. ಹ್ಯಾಂಡಲ್ ಇಲ್ಲೇ ಉಳಿಯಿತು.

ಅದನ್ನು ತೆಗೆದುಕೊಂಡು ಹೋಗಲು ಮುಂದಿನ ವಾರವೇ ಬಸ್ಸಿನಲ್ಲಿ ಬಂದರು. ಬರಲೇಬೇಕಲ್ಲ, ಇಲ್ಲದಿದ್ದರೆ ಅಲ್ಲಿ ಕಾರು ಹೊರಡುವುದು ಹೇಗೆ? ನಮ್ಮಲ್ಲಿ ಮೊದಲ ಮೊಮ್ಮಗು ಹುಟ್ಟುವ ತನಕ ತಂದೆಯಾದವನು ಕಾರಣವಿಲ್ಲದೆ ಮಗಳ ಮನೆಗೆ ಬರಬಾರದು. ಬಂದರೂ ಅಲ್ಲಿ ಕೈ ನೆನೆಸಬಾರದು, ಅಂದರೆ ಊಟ ಮಾಡಬಾರದು. ಅಪ್ಪ ಜಗಲಿಯ ಮೇಲೇ ಕೂತರು. ಮಜ್ಜಿಗೆ ಊಟದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅತ್ತೆಯ ಜೊತೆ ವಾದ ಮಾಡಿ, ಬರುವುದಿಲ್ಲ ಎಂದು ತೀರ್ಮಾನವಾದ ಮೇಲೆ ಮಜ್ಜಿಗೆ ಕುಡಿದರು. ನಾನು ಚೆನ್ನಾಗಿದ್ದೇನೆಯೇ ಎಂದು ಕೇಳಲಿಲ್ಲ, ನೋಡಿದರು. ಬಸ್ಸಿನ ಹೊತ್ತಾಯಿತೆಂದು ಎದ್ದು ಓಡಿದರು. ಹ್ಯಾಂಡಲ್ ಅಲ್ಲೇ ಇತ್ತು.

ಅದಾದ ಮೇಲೆ ಅದೊಂದು ಪರಿಪಾಠವೇ ಆಯಿತು. "ಸಮ್ಮಂದಿಯಮ್ಮಾ, ಹ್ಯಾಂಡಲ್ ಮರ್ತುಬುಟ್ಟೆ" ಎಂದು ನಮ್ಮತ್ತೆಗೆ ಹೇಳುತ್ತಾ ಬರುವುದು, ಮಜ್ಜಿಗೆ ಕುಡಿಯುವುದು, ಮತ್ತೆ ಮರೆತು ಹೋಗುವುದು. ಅಪ್ಪನಿಗೆ ವಯಸ್ಸಾಯಿತು, ಮರೆವು ಬಂತು ಎಂದು ನಾನು ಮರುಗುತ್ತಿದ್ದೆ. ಒಮ್ಮೆ ನಾನೇ ಹ್ಯಾಂಡಲನ್ನು ಕೈಚೀಲದಲ್ಲಿಟ್ಟು ಅಪ್ಪನ ಕೈಗೇ ಕೊಡಲು ಹೋದೆ. ನಮ್ಮತ್ತೆ ಕಡಿಮೆ ಮಾತಿನವರು. "ಬಿಡಮ್ಮಾ, ಅವ್ರೇ ತಗೊಂಡ್ ಹೋಗ್ತಾರೆ" ಎಂದು ಚೀಲವನ್ನು ನನ್ನ ಕೈಯಿಂದ ತೆಗೆದು ಒಳಗಿಟ್ಟರು. ಅತ್ತೆಗೆ ಹಳೇ ಕಬ್ಬಿಣದ ಮೇಲೆ ಅಷ್ಟೇಕೆ ಮಮತೆ ಎಂದು ನನಗೆ ತಿಳಿಯಲಿಲ್ಲ.

ಬಾಣಂತನಕ್ಕೆ ನನ್ನನ್ನು ತವರಿಗೆ ಕರೆದೊಯ್ಯಲು ಚಿಕ್ಕಪ್ಪ ಬಿಳಿ ಕಾರು ತಂದರು. ಈ ಸಲವಾದರೂ ಹ್ಯಾಂಡಲ್ ಅದರ ಕಾರಿಗೆ ಸೇರಲಿ ಎಂದು ನಾನದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಚಿಕ್ಕಪ್ಪ ಒಮ್ಮೆ ತಿರುಗಿ ಅದನ್ನು ನೋಡಿದರು. ಏನೋ ಹೇಳಲು ಹೊರಟವರು ಮತ್ತೆ ರಸ್ತೆಯ ಕಡೆ ತಿರುಗಿದರು. ದಾರಿಯುದ್ದಕ್ಕೂ ಕಾರು ನಿಧಾನವಾಗಿಯೇ ಹೋಯಿತು, ನನ್ನ ಬಸಿರಿನ ಕಾರಣಕ್ಕೆ ಎಂದುಕೊಂಡೆ.

ಮನೆಯ ಮುಂದೆ ಇಳಿದವಳು ಒಳಗೂ ಹೋಗದೆ ನೆಟ್ಟಗೆ ಪಕ್ಕದ ಕೊಟ್ಟಿಗೆಗೆ ಹೋದೆ. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ನೂಲಿನ ಮೂಟೆಗಳಿದ್ದವು. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ನೆಲದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು.

"ಅದು ಹೋಗಿ ಎಷ್ಟ್ ದಿನ ಆಯ್ತು. ನಿನ್ ಮದ್ವೆ ಆದ್ ತಿಂಗ್ಳೇ ಎಂಜಿನ್ ಬಿರುಕು ಬಿಡ್ತು. ರಿಪೇರಿ ಆಗಲ್ಲ ಅಂದ್‌ಬುಟ್ರು. ಉಕ್ಕಡಕ್ಕೆ ನಿಮ್ಮಪ್ಪನೇ ಜೊತೇಲಿ ಹ್ವಾದ್ರು" ಎಂದಳು ಅವ್ವ, ನನ್ನ ಹಿಂದೆ ಬಂದು.

ಅಷ್ಟು ದಿನಗಳಿಂದ ಅಪ್ಪ ಹ್ಯಾಂಡಲ್ ತೆಗೆದುಕೊಂಡು ಹೋಗಲು ಬರುತ್ತಲೇ ಇದ್ದರು. ಕಾರಿಲ್ಲ ಎನ್ನುವುದು ಅತ್ತೆಗೆ ಗೊತ್ತಿತ್ತು, ಚಿಕ್ಕಪ್ಪನಿಗೆ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಅಪ್ಪ ಮಗ್ಗದಿಂದ ಎದ್ದು ಬಂದರು. ನನ್ನ ಕೈಯಲ್ಲಿದ್ದ ಹ್ಯಾಂಡಲನ್ನು ನೋಡಿದರು, ನನ್ನನ್ನು ನೋಡಿದರು. ಸಿಕ್ಕಿಬಿದ್ದವರ ನಾಚಿಕೆಯೇನೂ ಅವರ ಮುಖದಲ್ಲಿರಲಿಲ್ಲ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಪಂಚೆಯ ಅಂಚಿನಿಂದ ಒರೆಸಿ, ನನ್ನ ಪೆಟ್ಟಿಗೆಯ ಪಕ್ಕದಲ್ಲಿಟ್ಟರು.

"ಇದನ್ಯಾಕೆ ಇಲ್ಲಿಗ್ ತಂದೆ ಅಮ್ಮಣಿ? ವಾಪಸ್ ಹೋಗೋವಾಗ ತಗೊಂಡ್ ಹೋಗು. ಮರೀಬೇಡ" ಎಂದರು.

ನಾನು ಮರೆಯಲಿಲ್ಲ.